ನಿಘಂಟಿಗೆ ಅಕ್ಕ ಕೊಟ್ಟ ವಾಕ್ಯಗಳು

ನನ್ನ ಅಕ್ಕನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಬಸ್ಸಿನ ಬೋರ್ಡು ಓದುವಷ್ಟು ಬರುತ್ತಿತ್ತು, ಅಷ್ಟೇ. ಆದರೂ ಇಂಗ್ಲಿಷ್ ಪದಗಳಿಗೆ ನಮ್ಮ ಭಾಷೆಯಲ್ಲಿ ಅರ್ಥ ಹೇಳುವ ಒಂದು ದಪ್ಪ ನಿಘಂಟಿದೆ. ಅದರ ಮೊದಲ ಸಂಪುಟದಲ್ಲಿ ಅರ್ಥದ ಕೆಳಗೆ ಸಣ್ಣಕ್ಷರದಲ್ಲಿ ಅಚ್ಚಾಗಿರುವ ಉದಾಹರಣೆಗಳಲ್ಲಿ ಮುಕ್ಕಾಲು ಪಾಲು ಅವಳ ಬಾಯಿಂದ ಬಂದವು. ಇದನ್ನು ಹೇಳಿದರೆ ಜನ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ. ನೋಡಲಿ. ನಾನು ಸಿಟಿ ಬಸ್ಸಿನ ಕಂಡಕ್ಟರ್. ಚಿಲ್ಲರೆ ಇಲ್ಲ ಎಂದರೂ ನಂಬದ ಜನ, ಇದನ್ನು ನಂಬುತ್ತಾರೆಯೇ?

ಅಕ್ಕನ ಕೆಲಸ ದೂರದೂರಿನ ಬಸ್ಸುಗಳು ಹೊರಡುವ ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ. ಮೂಟೆ, ಡಬ್ಬ, ಸೂಟ್‌ಕೇಸು, ಹೊಲಿಗೆ ಯಂತ್ರ, ಚಾಪೆ ಸುತ್ತಿದ ನಿಲುವುಗನ್ನಡಿ, ಏನೇ ಬರಲಿ, ತೂಕದ ಯಂತ್ರದ ಮೇಲೆ ಏರಿಸಬೇಕು, ತೂಕವನ್ನು ಗಟ್ಟಿಯಾಗಿ ಕೂಗಬೇಕು, ಹಗ್ಗ ಬಿಗಿದು ಚೀಟಿ ಅಂಟಿಸಿ ಒಳಗೆ ತಳ್ಳಬೇಕು. ಅವಳ ಎರಡು ಅಂಗೈಯಲ್ಲೂ ಹಗ್ಗ ಎಳೆದೆಳೆದು ಗಟ್ಟಿಯಾದ ಗೆರೆಗಳಿದ್ದವು. ಭಾವ ಅವಳ ಕಣ್ಣಿಗೆ ಬಿದ್ದದ್ದು ಅಲ್ಲೇ. ಅಚ್ಚಿಗೆ ಕಳಿಸುವ ನಿಘಂಟಿನ ಹಾಳೆಗಳ ಕಟ್ಟು ಹೊತ್ತುಕೊಂಡು ಬಂದಿದ್ದರು. ಅಕ್ಕ ಚೀಟಿಯ ಮೇಲೆ 'ಹಳೇ ಪೇಪರ್' ಅಂತ ಬರೆದಳು. ಭಾವ ಕನ್ನಡಕ ಏರಿಸಿಕೊಂಡು, ಇದು ಹಳೇ ಪೇಪರ್ ಅಲ್ಲ, ಇದರಲ್ಲಿ ಪದಗಳಿವೆ ಅಂತ ವಿವರಿಸಲು ನಿಂತರು. ಹಿಂದೆ ಸಾಲಿನಲ್ಲಿದ್ದವರು ಹಿಡಿಶಾಪ ಹಾಕಿದರು. ಆಮೇಲೆ ನಿಘಂಟು ಕಚೇರಿಯ ಜವಾನ ಬರಬೇಕಾದ ದಿನಗಳಲ್ಲೆಲ್ಲ ಭಾವನೇ ಬರತೊಡಗಿದರು. ಮುಂದಿನದನ್ನು ನಾನು ಹೇಳಬೇಕಾಗಿಲ್ಲ.

ಭಾವನ ನಿಘಂಟು ಕಚೇರಿ ಒಂದು ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿತ್ತು. ಗೋಡೆಯುದ್ದಕ್ಕೂ ಮರದ ಪುಟ್ಟ ಡ್ರಾಯರುಗಳು, ಅವುಗಳ ತುಂಬ ಪದದ ಚೀಟಿಗಳು. ತಲೆಯ ಮೇಲೆ ಫ್ಯಾನು ಇತ್ತು, ಆದರೆ ಹಾಕುವಂತಿರಲಿಲ್ಲ. ಒಮ್ಮೆ ಯಾರೋ ಹೊಸಬ ಹಾಕಿದಾಗ 'ಬಿ' ಅಕ್ಷರದ ಅರ್ಧ ಕಿಟಕಿಯಿಂದ ಬೀದಿಗೆ ಹಾರಿಹೋಗಿತ್ತಂತೆ. ಅಂದಿನಿಂದ ಸುಡು ಬೇಸಿಗೆಯಲ್ಲೂ ಎಲ್ಲರೂ ಬೆವರು ಒರೆಸಿಕೊಳ್ಳುತ್ತಲೇ ಅರ್ಥ ಬರೆಯುತ್ತಿದ್ದರು. ಭಾವನಿಗೆ ವಹಿಸಿದ್ದು 'ಎ' ಅಕ್ಷರ. ಸೇರಿದಾಗಲೂ 'ಎ', ಕೂದಲು ಬೆಳ್ಳಗಾದಾಗಲೂ 'ಎ'. ಜೊತೆಯವರು ಅವರನ್ನು ಮೊದಲಕ್ಷರದ ಮೇಷ್ಟ್ರು ಅಂತ ಕರೆಯುತ್ತಿದ್ದರು.

ಆ ಕಚೇರಿಯಲ್ಲಿ ಒಂದು ಕಟ್ಟಳೆ ಇತ್ತು. ಮೊದಲ ಸಂಪಾದಕರು ಹಾಕಿಕೊಟ್ಟದ್ದು. ಮನೆಪರೀಕ್ಷೆ ಅಂತ ಹೆಸರು. ಅರ್ಥ ಬರೆದವನು ಅದನ್ನು ಇಂಗ್ಲಿಷ್ ಬಾರದ ಒಬ್ಬರ ಮುಂದೆ ಓದಬೇಕು. ಅವರು ಆ ಮಾತನ್ನು ಬಳಸಿ ತಮ್ಮದೇ ಒಂದು ವಾಕ್ಯ ಹೇಳಬೇಕು. ವಾಕ್ಯ ತಡವರಿಸದೆ ಬಂದರೆ ಅರ್ಥ ಪಾಸು. ತಡವರಿಸಿದರೆ ಅರ್ಥವನ್ನೇ ಬದಲಿಸಬೇಕು. ಉಳಿದವರೆಲ್ಲ ಕುರ್ಚಿಯಲ್ಲಿ ಕೂತು ತಾವೇ ವಾಕ್ಯ ಹೊಸೆದು ಕೈತೊಳೆದುಕೊಳ್ಳುತ್ತಿದ್ದರು. ಭಾವ ಮಾತ್ರ ಚಾಚೂ ತಪ್ಪದೆ ಚೀಟಿಗಳನ್ನು ಮನೆಗೆ ತರುತ್ತಿದ್ದರು.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ ಅವರ ಮನೆ. ಕೆಳಗಿನಿಂದ ಗಾಳಿ ಪಂಪಿನ ಸದ್ದು, ರಬ್ಬರಿನ ವಾಸನೆ. ಸಂಜೆ ಅಕ್ಕ ಒಲೆಯ ಮುಂದೆ ನಿಂತಿರುವಳು, ಭಾವ ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಕೂತಿರುವರು.

"ಅಬ್ಸರ್ಡ್. ಅಸಂಗತ," ಅಂತ ಭಾವ ಓದುವರು.

"ಹಾಗಂದ್ರೆ?"

"ಅರ್ಥಕ್ಕೆ ಹೊಂದದೆ ಇರೋದು."

"ಹಾಗಂತ ಯಾರ್ರೀ ಮಾತಾಡ್ತಾರೆ? ತಲೆಬುಡ ಇಲ್ಲದ್ದು ಅನ್ನಿ."

"ಸರಿ. ವಾಕ್ಯ?"

"ನನ್ನ ತಂಗಿ ತಲೆಬುಡವಿಲ್ಲದ ಮಾತು ಆಡ್ತಾಳೆ."

ಹೀಗೆ ನಾನೂ ನಿಘಂಟು ಸೇರಿದೆ. 'ಆಡುತ್ತಾಳೆ' ಅಂತ ತಿದ್ದಿ ಅಚ್ಚು ಹಾಕಿದ್ದಾರೆ, ಈಗಲೂ ನೋಡಬಹುದು. ಎಲ್ಲ ವಾಕ್ಯಗಳೂ ಪಾಸಾಗುತ್ತಿದ್ದವು ಅಂತಲ್ಲ. ಅಕ್ಕ ಎಲ್ಲಕ್ಕೂ ಪಾರ್ಸೆಲ್ ಕಚೇರಿಯನ್ನೇ ಎಳೆದು ತರುತ್ತಿದ್ದಳು. ಪ್ರೀತಿ ಅಂದರೂ ಮೂಟೆ, ಸೈನ್ಯ ಅಂದರೂ ಮೂಟೆ. ಭಾವ ನಕ್ಕು, "ಮೂಟೆ ಇಲ್ಲದ ಒಂದು ವಾಕ್ಯ ಹೇಳೇ ಮಹಾರಾಯ್ತಿ" ಅನ್ನುತ್ತಿದ್ದರು. ಅವರಿಗೆ ಮಕ್ಕಳಾಗಲಿಲ್ಲ. ಆಚೀಚೆಯವರು ಅದನ್ನೇ ಆಡಿಕೊಳ್ಳುತ್ತಿದ್ದರು. ಆ ಮನೆಯಲ್ಲಿ ಸಂಜೆ ಎಷ್ಟು ಮಾತಿರುತ್ತಿತ್ತು ಅನ್ನುವುದು ಆಡಿಕೊಂಡವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಹೊಟ್ಟೆಕಿಚ್ಚೂ ಆಗುತ್ತಿತ್ತು, ಯಾಕೆ ಸುಳ್ಳು ಹೇಳಲಿ?

ನಿಘಂಟಿನ ಎರಡನೇ ಮುದ್ರಣಕ್ಕೆ 'ಎ' ಅಕ್ಷರವನ್ನು ಮತ್ತೆ ಮೊದಲಿಂದ ತಿದ್ದುತ್ತಿದ್ದ ಹೊತ್ತಿಗೆ ಅಕ್ಕನಿಗೆ ಕಾಯಿಲೆ ಬಂತು. ಎದೆಯಲ್ಲಿ ಗಡ್ಡೆ. ಆಪರೇಷನ್ ಆಯಿತು, ಕೂದಲು ಉದುರಿತು, ಮತ್ತೆ ಬೆಳೆಯಿತು. ಎಲ್ಲ ಮುಗಿಯಿತು ಅಂದುಕೊಂಡೆವು. ಮಾರನೆಯ ವರ್ಷ ಬೆನ್ನು ನೋವು ಅಂದಳು. ಮೂಟೆ ಎತ್ತಿದ್ದಕ್ಕೆ ಅಂದುಕೊಂಡೆವು. ಅಲ್ಲ, ಅದು ಮೂಳೆಗೆ ಹಬ್ಬಿತ್ತು.

ಡಾಕ್ಟರಮ್ಮ ಭಾವನೊಬ್ಬರನ್ನೇ ಒಳಗೆ ಕರೆದು ಮಾತಾಡಿದ ದಿನ ನಾನು ಡ್ಯೂಟಿಯಲ್ಲಿದ್ದೆ. ಭಾವ ಆಸ್ಪತ್ರೆಯ ಸ್ಟಾಪಿನಲ್ಲಿ ನನ್ನ ಬಸ್ಸನ್ನೇ ಹತ್ತಿದರು. ಬಸ್ಸು ಕಾಲಿಡಲು ಜಾಗವಿಲ್ಲದಂತೆ ತುಂಬಿತ್ತು. ನನ್ನ ಸೀಟಿನ ಪಕ್ಕದ ಕಂಬ ಹಿಡಿದು ನಿಂತರು.

"ಏನಂದ್ರು ಭಾವ?"

"ಅಲೀವಿಯೇಟ್ ಮಾಡಬಹುದು ಅಂದ್ರು."

"ಅಂದ್ರೆ ವಾಸಿ ಆಗುತ್ತಾ?"

"ಅದರ ಬೇರು ಲ್ಯಾಟಿನ್ನು," ಅಂದರು ಭಾವ. ಅವರ ಕಣ್ಣು ಕಿಟಕಿಯಾಚೆ ಎಲ್ಲೋ ಇತ್ತು. "ಲೆವಿಸ್ ಅಂದ್ರೆ ಹಗುರ. ಲೆವಾರೆ ಅಂದ್ರೆ ಎತ್ತು. ಎಲಿವೇಟರ್ ಅಂತಾರಲ್ಲ, ಮೇಲಕ್ಕೆ ಒಯ್ಯೋದು, ಅದೂ ಅದೇ ಮನೆತನ. ರಿಲೀಫ್ ಅಂತಾರಲ್ಲ, ಅದೂ. ಕಲ್ಲು ಮೀಟೋ ಸನ್ನೆಕೋಲಿಗೆ ಲೀವರ್ ಅಂತಾರೆ, ಅದೂ. ಒಂದು ಕಾಲಕ್ಕೆ ನಿಜವಾದ ಭಾರ ಇಳಿಸೋದಕ್ಕೂ ಅಲೀವಿಯೇಟ್ ಅಂತಲೇ ಹೇಳ್ತಿದ್ರು. ಯಾರದೋ ತಪ್ಪನ್ನ ಸಣ್ಣದು ಮಾಡಿ ತೋರಿಸೋದಕ್ಕೂ ಹೇಳ್ತಿದ್ರು. ಅವೆರಡೂ ಈಗ ಬಳಕೆಯಲ್ಲಿಲ್ಲ. ನೋವು, ಕಷ್ಟ ಕಮ್ಮಿ ಮಾಡೋದು, ಅದೊಂದೇ ಉಳಿದಿರೋದು. ಕಮ್ಮಿ ಮಾಡೋದು ಮಾತ್ರ. ತೆಗೆದುಹಾಕೋದಲ್ಲ."

"ಭಾವ, ನಾನು ಕೇಳಿದ್ದು ಅಕ್ಕನ ವಿಷಯ!"

"ಅದನ್ನೇ ಹೇಳ್ತಿದೀನಲ್ಲ ಕಂಡಕ್ಟರಮ್ಮ," ಅಂದರು. ಆಗ ನನಗೆ ಅರ್ಥವಾಯಿತು. ಮುಂದಿನ ಸ್ಟಾಪಿನಲ್ಲಿ ಸೀಟಿ ಊದುವುದನ್ನು ಮರೆತೆ. ಇಳಿಯಬೇಕಾದವರು ಬಾಯಿಗೆ ಬಂದಂತೆ ಬೈದರು. ಡಾಕ್ಟರಮ್ಮ ಇನ್ನೊಂದು ಮಾತನ್ನೂ ಹೇಳಿದ್ದರು. ಅದನ್ನು ಭಾವ ನನಗೆ ಹೇಳಲಿಲ್ಲ.

ಅಕ್ಕನಿಗೆ ಮಾತ್ರ ನಾವು ಏನನ್ನೂ ಬಿಡಿಸಿ ಹೇಳಬೇಕಾಗಲಿಲ್ಲ. "ಇನ್ನು ಪಾರ್ಸೆಲ್ ಕಚೇರಿಗೆ ಹೋಗೋದಿಲ್ಲ ಅಂತ ಹೇಳಿಬಿಡೇ," ಅಂದಳು ಒಂದು ದಿನ, ಅಷ್ಟೇ. ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಮಂಚ ಹಾಕಿದೆವು. ನನ್ನ ಡ್ಯೂಟಿ ಬೆಳಗಿನ ಪಾಳಿಗೆ ಹಾಕಿಸಿಕೊಂಡು, ಮಧ್ಯಾಹ್ನದಿಂದ ಅವಳ ಹತ್ತಿರ ಇರತೊಡಗಿದೆ. ಭಾವ ಕಚೇರಿಯಿಂದ ಬಂದು, ಸ್ಟೂಲನ್ನು ಅಡುಗೆಮನೆಯ ಬಾಗಿಲಿಂದ ಮಂಚದ ಪಕ್ಕಕ್ಕೆ ತಂದು, ಚೀಟಿ ತೆಗೆಯುತ್ತಿದ್ದರು. ಎಷ್ಟು ದಿನ ಕಳೆದರೂ ಅದೇ ಪದ, ಅಲೀವಿಯೇಟ್. ಹಳೆಯ ಮುದ್ರಣದಲ್ಲಿ, ಭಾವ ಸೇರುವ ಮುಂಚೆಯೇ, ಯಾರೋ ಹಿರಿಯರು ಅದಕ್ಕೆ 'ಉಪಶಮನಗೊಳಿಸು' ಅಂತ ಬರೆದಿದ್ದರಂತೆ. ಭಾವ ಅದನ್ನು ಹೊಡೆದುಹಾಕಿ 'ತಗ್ಗಿಸು, ಹಗುರ ಮಾಡು' ಅಂತ ಮಾಡಿದ್ದರು.

"ತಗ್ಗಿಸು. ವಾಕ್ಯ ಹೇಳು."

"ಮಳೆ ಬಂದು ಸೆಖೆಯನ್ನ ತಗ್ಗಿಸಿತು."

"ಅದು ಸೆಖೆ ಆಯ್ತು. ಕಷ್ಟಕ್ಕೆ ಹೇಳು."

"ಜೊತೆಗೊಬ್ಬರು ಕೈಹಾಕಿದ್ದಕ್ಕೆ ಮೂಟೆ ಹಗುರ ಆಯ್ತು."

"ಮತ್ತೆ ಮೂಟೆ!"

ಇಬ್ಬರೂ ನಗುತ್ತಿದ್ದರು. ಮಾರನೆಯ ದಿನ ಮತ್ತೆ ಅದೇ ಚೀಟಿ, ಇನ್ನೊಂದು ವಾಕ್ಯ. ಅಷ್ಟು ವರ್ಷಗಳಲ್ಲಿ ಒಂದು ಪದ ಮೂರನೇ ಸಂಜೆಗೆ ಹೋದದ್ದನ್ನು ನಾನು ಕಂಡಿರಲಿಲ್ಲ. ಪದ ಮುಗಿದರೆ ಅಕ್ಕನೂ ಮುಗಿಯುತ್ತಾಳೆ ಅಂತ ಅವರ ತಲೆಯಲ್ಲಿ ಕೂತುಬಿಟ್ಟಿತ್ತು ಅಂತ ಕಾಣುತ್ತದೆ. ಚೆನ್ನಾಗಿರುವ ವಾಕ್ಯಗಳನ್ನೂ ಏನೋ ಕುಂದು ಹುಡುಕಿ ಬದಿಗಿಡುತ್ತಿದ್ದರು.

ಅವರು ಮೆಟ್ಟಿಲು ಹತ್ತುವ ಮುಂಚೆ ಆ ಕೋಣೆ ಹೇಗಿರುತ್ತಿತ್ತು ಅನ್ನುವುದು ನನಗೊಬ್ಬಳಿಗೇ ಗೊತ್ತಿತ್ತು. ಮಧ್ಯಾಹ್ನ ಇಳಿಯುತ್ತಿದ್ದಂತೆ ನೋವು ಏರುತ್ತಿತ್ತು. ಇದ್ದ ಮಾತ್ರೆಗಳು ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಅಕ್ಕ ಕೂಗುತ್ತಿರಲಿಲ್ಲ. ದಿಂಬನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ದಿಂಬಿನ ಚೀಲದ ಮೂಲೆ ಹಲ್ಲಿಗೆ ಸಿಕ್ಕಿ ನಾರುನಾರಾಗಿತ್ತು. ಸೈಕಲ್ ಅಂಗಡಿಯವನು ಕೆಳಗಿಂದ "ಬಂದ್ರಾ ಮೇಷ್ಟ್ರೇ" ಅಂದ ಕೂಡಲೇ ದಿಂಬನ್ನು ಮಗ್ಗುಲು ಬದಲಿಸಿ, ಒದ್ದೆ ಬಟ್ಟೆಯಿಂದ ಮುಖ ಒರೆಸು ಅಂತ ನನಗೆ ಸನ್ನೆ ಮಾಡುತ್ತಿದ್ದಳು. ಭಾವ ಒಳಗೆ ಬರುವಷ್ಟರಲ್ಲಿ ಅವಳ ಮುಖದಲ್ಲಿ ನಗು ಸಿದ್ಧವಾಗಿರುತ್ತಿತ್ತು.

"ಅವರಿಗೆ ಹೇಳ್ತೀನಿ ಕಣೇ," ಅಂದೆ ಒಂದು ದಿನ, ತಡೆಯಲಾರದೆ.

"ಹೇಳಿದ್ರೆ ನನ್ನಾಣೆ. ಇರೋ ಔಷಧಿ ಇಷ್ಟೇ ಅಂದಮೇಲೆ ಅವರು ಪಾಪ ಏನು ಮಾಡ್ತಾರೆ? ಸುಮ್ನೆ ಕೂತು ಕೊರಗ್ತಾರೆ. ಚೀಟಿ ಹಿಡ್ಕೊಂಡು ಬರೋವಾಗ ಅವರ ಮುಖ ನೋಡಿದೀಯಾ? ಅದೊಂದಾದ್ರೂ ಇರ್ಲಿ ಅವರಿಗೆ."

ಇರುವ ಔಷಧಿ ಇಷ್ಟೇ ಅಂತ ನಾನೂ ನಂಬಿದ್ದೆ. ಬಾಯಿ ಮುಚ್ಚಿಕೊಂಡೆ. ಬಸ್ಸಿನಲ್ಲಿ ಮಾತ್ರ ಬಾಯಿ ಹರಿಬಿಟ್ಟೆ. ಆ ದಿನಗಳಲ್ಲಿ ನನ್ನಿಂದ ಬೈಸಿಕೊಳ್ಳದ ಪ್ರಯಾಣಿಕರೇ ಇರಲಿಲ್ಲ.

ಹೀಗಿರುವಾಗ ಒಂದು ಬೆಳಗ್ಗೆ ಆಸ್ಪತ್ರೆಯ ನರ್ಸ್ ಒಬ್ಬಳು ನನ್ನ ಬಸ್ಸು ಹತ್ತಿದಳು. ಡಾಕ್ಟರಮ್ಮನ ಕೋಣೆಯಲ್ಲಿ ಕೆಲಸ ಮಾಡುವವಳು, ಗುರುತು ಹಿಡಿದು ನಕ್ಕಳು. ಟಿಕೆಟ್ ತೆಗೆದುಕೊಂಡು ಕೇಳಿದಳು, "ಅಕ್ಕನಿಗೆ ಮಾರ್ಫಿನ್ ಹೊಂದಿಕೊಳ್ತಾ?"

"ಯಾವ ಮಾರ್ಫಿನ್?"

"ನೋವಿಗೆ ಕುಡಿಯೋ ಔಷಧಿ. ವಾರಗಳೇ ಆದವಲ್ಲ, ಡಾಕ್ಟರು ನಿಮ್ಮ ಭಾವನಿಗೆ ಹೇಳಿ. ಮೊದಮೊದಲು ನಿದ್ದೆ ಜಾಸ್ತಿ, ಮಾತು ಕಮ್ಮಿ ಆಗುತ್ತೆ, ಆಮೇಲೆ ಒಗ್ಗಿಕೊಳ್ಳುತ್ತೆ ಅಂತ ನನ್ನೆದುರೇ ವಿವರಿಸಿದ್ರು. ಮನೆಯಲ್ಲಿ ಯೋಚಿಸಿ ಬರ್ತೀನಿ ಅಂತ ಹೋದೋರು ಬರಲೇ ಇಲ್ಲ. ಬೇರೆ ಕಡೆ ತಗೊಂಡಿರ್ತಾರೆ ಅಂದ್ಕೊಂಡ್ವಿ."

ಆ ಟ್ರಿಪ್ಪನ್ನು ಹೇಗೆ ಮುಗಿಸಿದೆನೋ ಗೊತ್ತಿಲ್ಲ. ಡಿಪೋದಲ್ಲಿ ಹಣದ ಚೀಲ, ಟಿಕೆಟ್ ಯಂತ್ರ ಒಪ್ಪಿಸಿ, ಯೂನಿಫಾರ್ಮಿನಲ್ಲೇ ನಿಘಂಟು ಕಚೇರಿಯ ಮೆಟ್ಟಿಲು ಹತ್ತಿದೆ. ಭಾವ ಎಂದಿನಂತೆ ಬೆವರುತ್ತ ಕೂತಿದ್ದರು. ಚೀಟಿಗಳು ಹಾರದಂತೆ ಅವುಗಳ ಮೇಲೆ ಚಹಾದ ಲೋಟ ಇಟ್ಟಿದ್ದರು.

"ಔಷಧಿ ಯಾಕೆ ತರ್ಲಿಲ್ಲ?"

ಅಲ್ಲಿದ್ದವರೆಲ್ಲ ತಲೆಯೆತ್ತಿದರು. ಭಾವನಿಗೆ ಯಾವ ಔಷಧಿ ಅಂತ ಕೇಳುವ ಅಗತ್ಯವೇ ಬೀಳಲಿಲ್ಲ.

"ಅದನ್ನ ತಗೊಂಡ್ರೆ ಅವಳ ಮಾತು ನಿಂತುಹೋಗುತ್ತಂತೆ."

"ಹಾಗಂದ್ರಾ ಡಾಕ್ಟರು?"

"ನಿದ್ದೆ ಜಾಸ್ತಿ, ಮಾತು ಕಮ್ಮಿ ಅಂದ್ರು."

"ಮೊದಮೊದಲು ಅಂದ್ರು ಭಾವ! ಮೊದಮೊದಲು! ಒಂದೊಂದು ಪದಕ್ಕೂ ಕೂದಲು ಸೀಳೋ ನೀವು, ಆ ಒಂದು ಪದಾನ ಹೇಗೆ ನುಂಗಿ ನೀರು ಕುಡಿದ್ರಿ?"

"ಅಷ್ಟು ನೋವಿಲ್ಲ ಅವಳಿಗೆ," ಅಂದರು ಭಾವ, ಸಣ್ಣ ದನಿಯಲ್ಲಿ. "ಇದ್ದಿದ್ರೆ ಹೇಳ್ತಿದ್ಲು. ದಿನಾ ವಾಕ್ಯ ಹೇಳ್ತಾಳೆ. ನಗ್ತಾಳೆ. ನೋವಿರೋರು ಹಾಗೆ..."

ಅಕ್ಕನ ಆಣೆಯನ್ನು ಅಲ್ಲೇ ಮುರಿದೆ. ದಿಂಬಿನ ವಿಷಯ ಹೇಳಿದೆ. ಒದ್ದೆ ಬಟ್ಟೆಯ ವಿಷಯ ಹೇಳಿದೆ. ನೀವು ಪದ ಮುಗಿಸದೆ ಎಳೆದಷ್ಟು ದಿನ ಅವಳು ಹಲ್ಲು ಕಚ್ಚಿ ನಿಮ್ಮ ಮುಂದೆ ನಕ್ಕಿದ್ದಾಳೆ ಅಂದೆ. ಎಲ್ಲರೆದುರು ಹೇಳಬಾರದಿತ್ತು ಅಂತ ಆಮೇಲೆ ಕೆಲವರು ಅಂದರು. ನನಗೆ ಹಾಗೇನೂ ಅನಿಸಿಲ್ಲ.

ಭಾವ ಎದ್ದರು. ಲೋಟ ಉರುಳಿ ಚಹಾ ಚೀಟಿಗಳ ಮೇಲೆಲ್ಲ ಹರಿಯಿತು. ಅವರು ತಿರುಗಿಯೂ ನೋಡಲಿಲ್ಲ. ಅಲ್ಲಿಂದ ನೇರ ಆಸ್ಪತ್ರೆಗೆ ಹೋದೆವು.

ಅಂದೇ ಸಂಜೆ ಡಾಕ್ಟರಮ್ಮ ಹೇಳಿಕೊಟ್ಟ ಅಳತೆಯಲ್ಲಿ ಔಷಧಿ ಕುಡಿಸಿದೆವು. ಕತ್ತಲಾಗುವ ಮೊದಲೇ ಅಕ್ಕ ನಿದ್ದೆ ಹೋದಳು. ಮಾರನೆಯ ದಿನವೂ ಹೆಚ್ಚು ಹೊತ್ತು ನಿದ್ದೆಯೇ. ಎಚ್ಚರವಾದಾಗ ಒಂದಿಷ್ಟು ಗಂಜಿ, ಔಷಧಿ, ಮತ್ತೆ ನಿದ್ದೆ. ಭಾವ ಸ್ಟೂಲಿನ ಮೇಲೆ ಕೂತು ಅವಳ ಹಣೆಯನ್ನೇ ನೋಡುತ್ತಿದ್ದರು. ಹುಬ್ಬಿನ ನಡುವೆ ಎರಡು ಗೆರೆ ಇದ್ದವು. ವಯಸ್ಸಿನ ಗೆರೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಅವು ಮಾಯವಾಗಿದ್ದವು.

"ಇಷ್ಟೊಂದಿತ್ತಾ?" ಅಂತ ಕೇಳಿದರು ಭಾವ. ನನ್ನನ್ನೋ, ಅವಳನ್ನೋ, ಗೊತ್ತಾಗಲಿಲ್ಲ.

ಅದಾದ ಮೇಲೆ ಅಕ್ಕ ಎದ್ದಳು. ಎದ್ದಳು ಅಂದರೆ ದಿಂಬಿಗೆ ಒರಗಿ ಕೂತಳು. ಕೂತು ಮಾತಿಗೆ ಶುರು ಮಾಡಿದಳು. ಅಬ್ಬಾ, ಏನು ಮಾತು! ಮನೆ ಯಾಕೆ ಇಷ್ಟು ಗಲೀಜಾಗಿದೆ ಅಂತ ನನಗೆ ಬೈದಳು. ಸೈಕಲ್ ಅಂಗಡಿಯವನನ್ನು ಕಿಟಕಿಯಿಂದ ಕೂಗಿ ಕರೆದು ಅವನ ಹೆಂಡತಿಯ ಬಾಣಂತನ ವಿಚಾರಿಸಿದಳು. ಪಾರ್ಸೆಲ್ ಕಚೇರಿಯ ಹಳೆಯ ಮ್ಯಾನೇಜರು ಸೀನುವುದನ್ನು ಅಣಕಿಸಿ ತೋರಿಸಿದಳು. ನಾನು ನಕ್ಕು ನಕ್ಕು ಗೋಡೆಗೆ ಒರಗಿದೆ. ಆಗ ನನಗೆ ಹೊಳೆಯಿತು: ಇಷ್ಟು ವಾರ ನಾವು ಕೇಳಿದ್ದು ಅಕ್ಕನ ಮಾತೇ ಅಲ್ಲ. ಉಸಿರು ಬಿಗಿಹಿಡಿದು ಹೇಳಿದ ಚೂರುಪಾರು ವಾಕ್ಯಗಳು. ಅವಳ ಮಾತು ನಿಂತುಹೋಗುತ್ತದೆ ಅಂತ ಹೆದರಿ ಯಾವ ಔಷಧಿಯನ್ನು ಭಾವ ತರಲಿಲ್ಲವೋ, ಅವಳ ಮಾತನ್ನು ವಾಪಸು ತಂದದ್ದೇ ಅದು. ಭಾವನಿಗೂ ಅದು ಹೊಳೆದಿತ್ತು. ಅವರು ನಗುತ್ತಿರಲಿಲ್ಲ.

ಅಕ್ಕ ಅದನ್ನು ಗಮನಿಸಿದಳು. ಮಾತು ನಿಲ್ಲಿಸಿ, ಔಷಧಿಯ ಬಾಟಲಿಯನ್ನೂ ಅವರನ್ನೂ ನೋಡಿದಳು.

"ರೀ, ಇದು ಮೊದಲೇ ಇತ್ತಾ?"

ಇಲ್ಲ ಅನ್ನಿ ಅಂತ ನಾನು ಅವಳ ಹಿಂದೆ ನಿಂತು ತಲೆಯಾಡಿಸಿದೆ. ಈಗಷ್ಟೇ ಬಂತು, ಹೊಸದು ಅನ್ನಿ. ಭಾವ ನನ್ನನ್ನು ನೋಡಿದರು. ಆಮೇಲೆ ಅವಳನ್ನು ನೋಡಿದರು.

"ಇತ್ತು. ಡಾಕ್ಟರು ಅವತ್ತೇ ಹೇಳಿದ್ರು. ನೀನು ಮಾತಾಡೋದು ನಿಂತುಹೋಗುತ್ತೆ ಅಂತ ನಾನೇ ತರಲಿಲ್ಲ."

ಕೆಳಗೆ ಪಂಪು ಹೊಡೆಯುವ ಸದ್ದು ಕೇಳುತ್ತಿತ್ತು.

"ನೀವು ಕೇಳ್ತಿದ್ರಿ ಅಂತ ನಾನು ಹೇಳ್ತಿದ್ದೆ," ಅಂದಳು. "ಒಂದು ಸಂಜೆ ನೀವು ಚೀಟಿ ತೆಗೀದೆ ಹೋಗಿದ್ರೆ, ಆಗಲ್ಲ ಕಣ್ರೀ ಅಂತ ಅತ್ತುಬಿಡ್ತಿದ್ದೆ."

ಭಾವ ಅವಳ ಅಂಗೈಯಲ್ಲಿ ಮುಖ ಇಟ್ಟರು. ಅಕ್ಕ ಇನ್ನೊಂದು ಕೈಯನ್ನು ಅವರ ತಲೆಯ ಮೇಲಿಟ್ಟಳು. "ಹೋಗ್ಲಿ ಬಿಡಿ," ಅಂದಳು. "ಆಗಿದ್ದು ಆಯ್ತು. ಹೋಗ್ಲಿ ಬಿಡಿ."

ಆ ವಿಷಯವನ್ನು ಅವಳು ಮತ್ತೆ ಎತ್ತಲಿಲ್ಲ. ಎತ್ತುವಷ್ಟು ಕಾಲವೂ ಇರಲಿಲ್ಲ. ಆ ಮಾತಿನ ದಿನಗಳು ಬೆರಳೆಣಿಕೆಯವು. ಒಂದು ಮಧ್ಯಾಹ್ನ ಮಾತಾಡುತ್ತಾಡುತ್ತಲೇ ಆಯಾಸ ಅಂದಳು, ಮಲಗಿದಳು, ಹೋದಳು. ನೋವಿರಲಿಲ್ಲ. ಎಲ್ಲರೂ ಅದನ್ನೇ ಹೇಳಿ ನನ್ನನ್ನು ಸಮಾಧಾನ ಮಾಡಿದರು. ನನಗೆ ಸಮಾಧಾನವಾಗಲಿಲ್ಲ, ಈಗಲೂ ಆಗಿಲ್ಲ. ಆ ವಾರಗಳೂ ಹೀಗೇ ಇರಬಹುದಿತ್ತಲ್ಲ ಅಂತ ಹೊಟ್ಟೆ ಉರಿಯುತ್ತದೆ.

ಕೆಲವು ತಿಂಗಳಾದ ಮೇಲೆ ಭಾವ ನನ್ನ ಬಸ್ಸು ಹತ್ತಿದರು. ಸೊರಗಿ ಅರ್ಧವಾಗಿದ್ದರು. ಕೊನೆಯ ಸ್ಟಾಪಿನವರೆಗೆ ಟಿಕೆಟ್ ತೆಗೆದುಕೊಂಡರು. ಅಲ್ಲಿ ಅವರಿಗೆ ಏನೂ ಕೆಲಸವಿರಲಿಲ್ಲ. ಎಲ್ಲರೂ ಇಳಿದು ಬಸ್ಸು ಖಾಲಿಯಾದ ಮೇಲೆ ನನ್ನ ಎದುರಿನ ಸೀಟಿಗೆ ಬಂದು ಕೂತರು.

"ನಿಂಗೆ ಬೈಯೋಕೆ ಬರುತ್ತಲ್ಲ," ಅಂದರು. "ನನಗೆ ಬೈಯಿ. ಅವತ್ತು ಆಫೀಸಲ್ಲಿ ಬೈದ್ಯಲ್ಲ, ಅದು ಸಾಲದು. ಅವಳು ಹೋಗ್ಲಿ ಬಿಡಿ ಅಂದುಬಿಟ್ಲು. ಒಂದು ಮಾತು ಬೈಯಲಿಲ್ಲ. ಅದನ್ನ ಹೊರೋಕೆ ಆಗ್ತಿಲ್ಲ ನನ್ನ ಕೈಲಿ. ಬಾಯಿಗೆ ಬಂದ ಹಾಗೆ ಬೈದುಬಿಡು, ನಿನ್ನ ಕಾಲಿಗೆ ಬೀಳ್ತೀನಿ."

ಬೈಗುಳ ನಾಲಿಗೆಯ ತುದಿಯಲ್ಲೇ ಇತ್ತು. ಎಷ್ಟೋ ದಿನದಿಂದ ಕೂಡಿಟ್ಟದ್ದು, ಒಂದೊಂದೂ ಹರಿತವಾದದ್ದು. ಬೈದರೆ ಅವರು ಅಳುತ್ತಿದ್ದರು, ಅತ್ತರೆ ಅವರಿಗೆ ಹಗುರವಾಗುತ್ತಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಅದಕ್ಕೇ ನಾನು ಬೈಯಲಿಲ್ಲ.